ರೇಡಿಯೊಗೆ ಒಪ್ಪುವ ರೀಚಾರ್ಜಬಲ್ ಸೆಲ್: ಆಯ್ಕೆ ಮತ್ತು ಆರೈಕೆ

ರೀಚಾರ್ಜಬಲ್ ಸೆಲ್ ಕೊಳ್ಳುವಾಗ ನಮ್ಮ ಕಣ್ಣು ಮೊದಲು ಹೋಗುವುದು ಅದರ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಎಂಎಎಚ್ ಸಂಖ್ಯೆಯ ಕಡೆಗೆ, ಅಂದರೆ ಸೆಲ್ ಎಷ್ಟು ಚಾರ್ಜ್ ತುಂಬಿಕೊಳ್ಳಬಲ್ಲದು ಎಂಬ ಅಳತೆಯ ಕಡೆಗೆ. ಆದರೆ ರೇಡಿಯೊದ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು, ಸುಮ್ಮನೆ ಇಟ್ಟಾಗ ಸೆಲ್ ತನ್ನ ಚಾರ್ಜನ್ನು ಎಷ್ಟು ಕಾಲ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು. ಪುಟ್ಟ ರೇಡಿಯೊ ಕ್ಯಾಮೆರಾ ಫ್ಲ್ಯಾಶ್‌ನಂತೆ ಒಮ್ಮೆಲೇ ವಿದ್ಯುತ್ತನ್ನು ಸೆಳೆಯುವುದಿಲ್ಲ. ದಿನಕ್ಕೆ ಒಂದೆರಡು ಗಂಟೆಯಂತೆ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಬಳಸುತ್ತದೆ. ಹಳೆಯ ಮಾದರಿಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು ಅಷ್ಟರೊಳಗೆ ತಾವಾಗಿಯೇ ಸಾಕಷ್ಟು ಬರಿದಾಗಿರುತ್ತವೆ. 2005ರಲ್ಲಿ ಸ್ಯಾನ್ಯೊ ಕಂಪನಿ ಎನೆಲೂಪ್ ಎಂಬ ಹೆಸರಿನಲ್ಲಿ ತಂದಂಥ, ಚಾರ್ಜ್ ನಿಧಾನವಾಗಿ ಸೋರುವ ಇದೇ ಬಗೆಯ ಸೆಲ್‌ಗಳು ವರ್ಷ ಕಳೆದರೂ ಅದರ ಬಹುಪಾಲನ್ನು ಉಳಿಸಿಕೊಳ್ಳುತ್ತವೆ. ಆದುದರಿಂದ ಎಎ ಅಳತೆಯಲ್ಲಿ 2,500ಕ್ಕೆ ಆಸೆಪಡದೆ, 2,000 ಎಂಎಎಚ್ ಆಸುಪಾಸಿನ ಇಂಥ ಸೆಲ್‌ಗಳನ್ನೇ ಆರಿಸುವುದು ಒಳ್ಳೆಯದು.

ಈ ಸೆಲ್‌ಗಳ ವೋಲ್ಟೇಜ್ 1.2 ಮಾತ್ರ, ನಾಲ್ಕು ಸೇರಿದರೆ, ಒಮ್ಮೆ ಬಳಸಿ ಎಸೆಯುವ ಆಲ್ಕಲೈನ್ ಸೆಲ್‌ಗಳ 6 ವೋಲ್ಟ್‌ಗಳ ಬದಲು 4.8 ವೋಲ್ಟ್ ಸಿಗುತ್ತದೆ. ಆಲ್ಕಲೈನ್ ಸೆಲ್ ಕೂಡ ಬಳಸುತ್ತಾ ಹೋದಂತೆ ಅದೇ ಮಟ್ಟಕ್ಕೆ ಇಳಿಯುವುದರಿಂದ ಹೆಚ್ಚಿನ ರೇಡಿಯೊಗಳು ಇದರಲ್ಲಿ ಸರಾಗವಾಗಿ ನಡೆಯುತ್ತವೆ. ಸೆಲ್ ಬಗೆಯನ್ನು ತಿಳಿಸುವ ಸೆಟ್ಟಿಂಗ್ ರೇಡಿಯೊದಲ್ಲಿದ್ದರೆ ಅದನ್ನು ಮೊದಲೇ ಬದಲಿಸಿಕೊಳ್ಳಬೇಕು. 1.5 ವೋಲ್ಟ್ ಕೊಡುವ ಲಿಥಿಯಂ ರೀಚಾರ್ಜಬಲ್ ಸೆಲ್‌ಗಳನ್ನು ಮಾತ್ರ ನಾನು ಶಿಫಾರಸು ಮಾಡುವುದಿಲ್ಲ. ಅವುಗಳೊಳಗೆ ವೋಲ್ಟೇಜನ್ನು ತಗ್ಗಿಸುವ ಪುಟ್ಟ ಸರ್ಕ್ಯೂಟ್ ಮೀಡಿಯಂ ವೇವ್ ಮತ್ತು ಶಾರ್ಟ್‌ವೇವ್‌ಗಳಲ್ಲಿ ಕರಕರ ಸದ್ದೆಬ್ಬಿಸಿ, ಕ್ಷೀಣವಾದ ಕೇಂದ್ರಗಳನ್ನು ಮುಳುಗಿಸಿಬಿಡಬಹುದು.

ಒಮ್ಮೆ ನನ್ನ ರೇಡಿಯೊ ಚಾರ್ಜ್ ಮಾಡಿದ ದಿನವೇ ನಿಲ್ಲತೊಡಗಿತು. ಮೀಟರ್ ಹಿಡಿದಾಗ ಮೂರು ಸೆಲ್‌ಗಳು 1.27 ವೋಲ್ಟ್ ತೋರಿಸಿದವು, ನಾಲ್ಕನೆಯದು 0.6. ಹೀಗೆ ಸೋತ ಸೆಲ್ಲಿನ ಮೂಲಕ ಉಳಿದವು ವಿದ್ಯುತ್ತನ್ನು ಹಾಯಿಸುತ್ತಲೇ ಇದ್ದರೆ ಅದರ ಧ್ರುವಗಳು ತಿರುಗುಮುರುಗಾಗಿ ಅದು ಪೂರ್ತಿ ಹಾಳಾಗುತ್ತದೆ. ಒಂದೇ ಸಲ ಕೊಂಡ ನಾಲ್ಕು ಸೆಲ್‌ಗಳಿಗೆ ಒಂದೇ ಗುರುತು ಬರೆದು, ಅವನ್ನು ಒಟ್ಟಿಗೇ ಬಳಸಿ ಒಟ್ಟಿಗೇ ಚಾರ್ಜ್ ಮಾಡಬೇಕು. ಧ್ವನಿ ಕುಗ್ಗಿದ ಕೂಡಲೇ ತೆಗೆಯಬೇಕು.

ಚಾರ್ಜರ್ ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಗಮನಿಸಿ, ತುಂಬಿದೊಡನೆ ತಾನೇ ನಿಲ್ಲಿಸುವಂಥದ್ದಾಗಿರಲಿ. ಕೊನೆಯ ಹಂತದಲ್ಲಿ ಸೆಲ್ ಬೆಚ್ಚಗಾಗುವುದು ಸಹಜ; ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾದರೆ ಆ ಚಾರ್ಜರನ್ನು ಬಿಡುವುದೇ ಸರಿ. ಗಡಿಯಾರವಿರುವ ರೇಡಿಯೊ ಆಫ್ ಮಾಡಿದಾಗಲೂ ಸ್ವಲ್ಪ ವಿದ್ಯುತ್ ಬಳಸುತ್ತಲೇ ಇರುವುದರಿಂದ, ತಿಂಗಳುಗಟ್ಟಲೆ ಕೇಳುವುದಿಲ್ಲವೆಂದಾದರೆ ಸೆಲ್‌ಗಳನ್ನು ಹೊರತೆಗೆದು, ಲೋಹದ ವಸ್ತು ತಗಲದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂಪಾದ ಕಡೆ ಇಡಬೇಕು.