ಎಂಟನೇ ಕ್ಲಾಸಿನ ಮೊದಲ ದಿನ: ನಾವು ತಯಾರಾಗಿದ್ದು ಹೀಗೆ

ನನ್ನ ಮಗಳು ಈ ಜೂನ್‌ನಲ್ಲಿ ಹೈಸ್ಕೂಲ್ ಸೇರಿದಳು. ಏಳನೇ ಕ್ಲಾಸಿನವರೆಗೆ ಅವಳ ಶಾಲೆ ಬೆಂಗಳೂರಿನ ಕತ್ರಿಗುಪ್ಪೆಯಲ್ಲೇ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇತ್ತು. ಅಲ್ಲಿ ಎಂಟನೇ ಕ್ಲಾಸ್ ಇಲ್ಲ. ಹೊಸದು ಜಯನಗರದ ಒಂದು ಅನುದಾನಿತ ಪ್ರೌಢಶಾಲೆ. ಬನಶಂಕರಿಯಲ್ಲಿ ಬಸ್ ಬದಲಿಸಿ ಹೋಗಬೇಕು. ಸ್ಕೂಲ್ ವ್ಯಾನ್ ಇಲ್ಲ. ನಾನೂ ನನ್ನ ಹೆಂಡತಿಯೂ ಬೆಳಿಗ್ಗೆಯೇ ಕೆಲಸಕ್ಕೆ ಹೊರಡುವವರು. ಹಾಗಾಗಿ ಮೊದಲ ದಿನದಿಂದಲೇ ಅವಳು ಒಬ್ಬಳೇ ಹೋಗಿ ಬರಬೇಕು ಅಂತ ಅಡ್ಮಿಷನ್ ಮಾಡಿಸುವಾಗಲೇ ತೀರ್ಮಾನವಾಗಿತ್ತು. ಬೇಸಿಗೆ ರಜೆಯನ್ನು ಅದಕ್ಕೇ ಬಳಸಿಕೊಂಡೆವು.

ಅಡ್ಮಿಷನ್ ದಿನ ನಾನು ಹಟ ಹಿಡಿದು ಮಾಡಿಸಿದ್ದು ಒಂದೇ ಕೆಲಸ. ದಾಖಲಾತಿ ಪುಸ್ತಕದಲ್ಲಿ ಮಗಳ ಹೆಸರು, ಇನಿಷಿಯಲ್, ಹುಟ್ಟಿದ ತಾರೀಕು ಎಲ್ಲವನ್ನೂ ಜನನ ಪ್ರಮಾಣಪತ್ರದ ಜೊತೆ ಇಟ್ಟು ಅಕ್ಷರ ಅಕ್ಷರ ನೋಡಿದೆ. ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರುವುದು ಇದೇ ಹೆಸರು. ಪಾಸ್‌ಪೋರ್ಟ್‌ನಿಂದ ಕೆಲಸದವರೆಗೆ ಎಲ್ಲರೂ ಕೇಳುವುದು ಆ ಅಂಕಪಟ್ಟಿಯನ್ನೇ. ಆಮೇಲೆ ತಿದ್ದಿಸುವುದಕ್ಕಿಂತ ಈಗ ಹತ್ತು ನಿಮಿಷ ಜಾಸ್ತಿ ನಿಲ್ಲುವುದು ಎಷ್ಟೋ ಮೇಲು.

ಅವತ್ತೇ ಭಾಷೆಯ ಪ್ರಶ್ನೆಯೂ ಬಂತು. ಪ್ರಥಮ ಭಾಷೆ ಕನ್ನಡವೋ, ಸಂಸ್ಕೃತವೋ? ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಸಂಸ್ಕೃತ ತಗೊಂಡರೆ ಅಂಕ ಸುಲಭ ಅಂತ ಸಾಲಿನಲ್ಲಿ ನಿಂತವರೆಲ್ಲ ಹೇಳಿದರು. ಸಂಸ್ಕೃತ ಇಷ್ಟಪಟ್ಟು ಓದುವ ಮಕ್ಕಳಿಗೆ ಅದು ಸರಿ. ಆದರೆ ನಮ್ಮವಳು ಮನೆಗೆ ಬರುವ ಪೇಪರನ್ನು ಪುರವಣಿ ಸಮೇತ ಓದುವ ಹುಡುಗಿ. ಬರೀ ಅಂಕಕ್ಕೋಸ್ಕರ ಅವಳ ಕನ್ನಡವನ್ನು ಪಕ್ಕಕ್ಕಿಡಲು ನನಗೆ ಮನಸ್ಸು ಬರಲಿಲ್ಲ. ಅವಳನ್ನೇ ಕೇಳಿದೆ. "ಕನ್ನಡನೇ ಇರಲಿ ಅಪ್ಪ" ಅಂದಳು. ಅಲ್ಲಿಗೆ ಮುಗಿಯಿತು.

ಇನ್ನು ಬಸ್ಸು. ಖರ್ಚಿನ ಚಿಂತೆ ಇರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಹೆಣ್ಣುಮಕ್ಕಳು ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿದರೆ ಸಾಕು. (ಗಂಡುಮಕ್ಕಳಿದ್ದರೆ ವಿದ್ಯಾರ್ಥಿ ಪಾಸ್‌ಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಶಾಲೆ ಶುರುವಾದ ಕೂಡಲೇ ಹಾಕಿಬಿಡಿ.) ವಜ್ರ ಎಸಿ ಬಸ್ಸಿಗೆ ಶಕ್ತಿ ನಡೆಯುವುದಿಲ್ಲ ಅಂತ ಹೇಳಿಕೊಟ್ಟೆ. ದುಡ್ಡಿಲ್ಲದಿದ್ದರೂ ಟಿಕೆಟ್ ಕೇಳಿ ತಗೋ, ಆ ಟಿಕೆಟ್ ಲೆಕ್ಕದ ಮೇಲೇ ಸರ್ಕಾರ ನಿಗಮಕ್ಕೆ ಹಣ ಕೊಡೋದು ಅಂತಲೂ ಹೇಳಿದೆ.

ಮೊದಲು ಇಬ್ಬರೂ ಒಟ್ಟಿಗೆ ಹೋದೆವು. ಒಟ್ಟಿಗೆ ಅಂದರೂ ಪೂರ್ತಿ ಒಟ್ಟಿಗೆ ಅಲ್ಲ. ಹೆಂಗಸರು ಮುಂದಿನ ಬಾಗಿಲಲ್ಲಿ ಹತ್ತುತ್ತಾರೆ, ಗಂಡಸರು ಹಿಂದಿನದರಲ್ಲಿ. ಬಸ್ಸು ರಶ್ ಇದ್ದರೆ ಅಪ್ಪ ಜೊತೆಗಿದ್ದರೂ ಮಗಳು ಒಳಗೆ ಒಬ್ಬಳೇ. ಇದು ಒಳ್ಳೆಯದೇ ಆಯಿತು. ನಾನು ಹಿಂದೆ ಕಂಬಿ ಹಿಡಿದು ನಿಂತು ಬರೀ ನೋಡುತ್ತಿದ್ದೆ. ಅಭ್ಯಾಸವನ್ನು ಮಧ್ಯಾಹ್ನದ ಖಾಲಿ ಬಸ್ಸಿನಲ್ಲಿ ಮಾಡಿಸಬೇಡಿ. ಆಫೀಸಿಗೆ ಹೋಗುವವರು ನುಗ್ಗುವ ಹೊತ್ತಿಗೇ, ಬೆನ್ನಿಗೆ ಬ್ಯಾಗು ಹಾಕಿಸಿಯೇ ಕರೆದುಕೊಂಡು ಹೋಗಿ. ಬ್ಯಾಗನ್ನು ಮುಂದಕ್ಕೆ ಹಾಕಿಕೊಳ್ಳಬೇಕು, ಇಳಿಯುವ ಸ್ಟಾಪಿಗೆ ಒಂದು ಸ್ಟಾಪ್ ಮೊದಲೇ ಬಾಗಿಲ ಹತ್ತಿರ ಬರಬೇಕು ಅನ್ನುವುದೆಲ್ಲ ನೂಕುನುಗ್ಗಲಿನಲ್ಲೇ ಗೊತ್ತಾಗುವುದು.

ಅವಳಿಗೆ ನಿಜವಾಗಿ ಕಷ್ಟವಾಗಿದ್ದು ಬಾಯಿಬಿಟ್ಟು ಕೇಳುವುದು. ಬನಶಂಕರಿ ಬಸ್ ನಿಲ್ದಾಣದಲ್ಲಿ ಬೋರ್ಡ್ ಓದುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. "ಕೇಳು" ಅಂದೆ. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಹತ್ತಿರ ಹೋದಳು. ದನಿಯೇ ಹೊರಡಲಿಲ್ಲ. ಆ ಹೆಣ್ಣುಮಗಳು ಬಗ್ಗಿ, "ಏನಮ್ಮ, ಎಲ್ಲಿಗೆ?" ಅಂದರು. "ಜಯನಗರ ಫೋರ್ತ್ ಬ್ಲಾಕ್" ಅಂದಳು, ನೆಲ ನೋಡಿಕೊಂಡು. "ಹೋಗತ್ತೆ ಕಣಮ್ಮ, ಹತ್ತು, ಒಳಗಡೆ ಹೋಗು." ಸೀಟು ಸಿಕ್ಕಿದ ಮೇಲೆ ಹಿಂದೆ ತಿರುಗಿ ನನ್ನನ್ನು ನೋಡಿದ ಆ ಮುಖ ಇನ್ನೂ ಕಣ್ಣಲ್ಲಿದೆ. ಮುಂದಿನ ಸಲ ನಾನು ಹೇಳುವ ಮೊದಲೇ ಹೋಗಿ "ಅಕ್ಕ, ಫೋರ್ತ್ ಬ್ಲಾಕ್ ಹೋಗತ್ತಾ?" ಅಂದಳು. ಆಮೇಲೆ ಅವಳೊಬ್ಬಳೇ ಹೋಗುವುದು, ನಾನು ಗಾಡಿಯಲ್ಲಿ ಹೋಗಿ ಜಯನಗರದ ಸ್ಟಾಪಿನಲ್ಲಿ ಕಾಯುವುದು. ಕೊನೆಗೆ ಅದನ್ನೂ ನಿಲ್ಲಿಸಿದೆ.

ಶಾಲೆಯಲ್ಲಿ ಮೊಬೈಲ್ ಬಿಡುವುದಿಲ್ಲ. ಡೈರಿಯ ಮೊದಲ ಪುಟದಲ್ಲಿ ನಮ್ಮಿಬ್ಬರ ನಂಬರ್, ಪಕ್ಕದ ಮನೆಯ ಆಂಟಿಯದ್ದು, ಪೊಲೀಸರ 112, ಮಕ್ಕಳ ಸಹಾಯವಾಣಿ 1098 ಬರೆಸಿದೆ. ಜಾಮಿಟ್ರಿ ಬಾಕ್ಸ್ ತಳದಲ್ಲಿ ಆಟೋಗೆ ಸಾಕಾಗುವಷ್ಟು ದುಡ್ಡು. ಅವಳ ಅಮ್ಮ ಬ್ಯಾಗಿನ ಒಳಜೇಬಿಗೆ ಪ್ಯಾಡ್ ಇರುವ ಸಣ್ಣ ಪೌಚ್ ಹಾಕಿಟ್ಟಳು.

ಮೊದಲ ದಿನ ಬೆಳಿಗ್ಗೆ ಸ್ಟಾಪಿನವರೆಗೆ ಮಾತ್ರ ಹೋದೆ. ಬಸ್ಸು ಬಂತು, ಹತ್ತಿದಳು, ಹೋಯಿತು. ಹಿಂದೆಯೇ ಗಾಡಿ ಓಡಿಸಿಕೊಂಡು ಹೋಗೋಣ ಅನ್ನಿಸಿತು, ನಿಜ. ಹೋಗಲಿಲ್ಲ. ಅವಳಿಗೆ ಗೊತ್ತಾಗಿದ್ದರೆ ರಜೆಯಲ್ಲಿ ಕಲಿತಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಗುತ್ತಿತ್ತು. ಆದರೆ ಸಂಜೆ ಪಕ್ಕದ ಮನೆಯ ಆಂಟಿ "ಬಂದ್ಲು" ಅಂತ ಫೋನ್ ಮಾಡುವವರೆಗೆ ಕೆಲಸದಲ್ಲಿ ಗಮನ ನಿಲ್ಲಲಿಲ್ಲ.

ಮನೆಗೆ ಬಂದು "ಹೇಗಿತ್ತು?" ಅಂದರೆ "ಚೆನ್ನಾಗಿತ್ತು" ಅಷ್ಟೇ. ಮತ್ತೆ ಕೆದಕಲಿಲ್ಲ. ಊಟ ಆದ ಮೇಲೆ ಬ್ರೌನ್ ಪೇಪರ್ ಹರಡಿಕೊಂಡು ಇಬ್ಬರೂ ಪುಸ್ತಕಗಳಿಗೆ ಬೈಂಡ್ ಹಾಕಲು ಕೂತೆವು. ನಾನು ಅಂಚು ಮಡಚುವುದು, ಅವಳು ಲೇಬಲ್ ಅಂಟಿಸುವುದು. ಕೈಗೆ ಕೆಲಸ ಸಿಕ್ಕಿದಾಗ ಮಾತು ತಾನಾಗಿಯೇ ಬಂತು. ಒಂದೊಂದು ಪೀರಿಯಡ್‌ಗೆ ಒಬ್ಬೊಬ್ಬರು ಟೀಚರ್ ಬರುತ್ತಾರಂತೆ. ಹೆಸರು ನೆನಪಿಟ್ಟುಕೊಳ್ಳುವುದೇ ಕಷ್ಟವಂತೆ. ಭಾಷೆಯ ಪೀರಿಯಡ್‌ನಲ್ಲಿ ಸಂಸ್ಕೃತದವರು ಬೇರೆ ರೂಮಿಗೆ ಹೋದಾಗ ಬೆಂಚಿನಲ್ಲಿ ಅವಳೊಬ್ಬಳೇ ಉಳಿದಳಂತೆ. ಆಗ ಹಿಂದಿನ ಬೆಂಚಿನ ಹುಡುಗಿ ಬಂದು ಪಕ್ಕದಲ್ಲಿ ಕೂತಳಂತೆ. ಊಟವೂ ಅವಳ ಜೊತೆಗೇ.

ಟ್ಯೂಷನ್‌ಗೆ ಯಾವಾಗ ಸೇರಿಸುತ್ತೀರಿ ಅಂತ ಅಕ್ಕಪಕ್ಕದವರು ಆಗಲೇ ಕೇಳುತ್ತಿದ್ದಾರೆ. ಶುರುವಿನಲ್ಲಿ ಶಾಲೆಯಲ್ಲೇ ಸೇತುಬಂಧ ನಡೆಯುತ್ತದೆ. ಏಳನೇ ಕ್ಲಾಸಿನದ್ದು ಎಷ್ಟು ಬರುತ್ತದೆ ಅಂತ ಪರೀಕ್ಷೆ ಮಾಡಿ, ಬಾರದ್ದನ್ನು ಮತ್ತೆ ಹೇಳಿಕೊಡುತ್ತಾರೆ. ಅದು ಮುಗಿಯಲಿ. ಗಣಿತದ ಮೇಡಂ ಹತ್ತಿರ ಮಾತಾಡಿ, ಮಗಳನ್ನೂ ಕೇಳಿ, ಆಮೇಲೆ ನೋಡೋಣ ಅಂತ ಹೇಳಿದ್ದೇನೆ.