ಮನೆ ಮುಂದೇನೇ ಹಳೇ ಪದ್ಮಿನಿ ರೆಡಿ ಮಾಡ್ಕೊಳ್ಳೋದು, ಕಮ್ಮಿ ದುಡ್ಡಲ್ಲಿ

ಹಳೇ ಕಾರು ರಿಸ್ಟೋರ್ ಮಾಡೋ ಹುಚ್ಚು ಇದೆ, ಜೇಬಲ್ಲಿ ಮಾತ್ರ ಅಷ್ಟೊಂದಿಲ್ಲ ಅನ್ನೋರಿಗೆ ಕಣ್ಮುಚ್ಚಿ ಹೇಳ್ತೀನಿ, ಪ್ರೀಮಿಯರ್ ಪದ್ಮಿನಿ ಹುಡುಕಿ, ಇಲ್ಲಾಂದ್ರೆ ಅದಕ್ಕೂ ಹಳೇದಾದ ಫಿಯಟ್ 1100. 1960ರ ದಶಕದಿಂದ ಹೆಚ್ಚುಕಮ್ಮಿ 2000ದ ತನಕ ಮುಂಬೈ ಕುರ್ಲಾ ಫ್ಯಾಕ್ಟರಿಯಿಂದ ಬಂದಿದ್ದು ಅದೇ 1089 ಸಿಸಿ ಪೆಟ್ರೋಲ್ ಇಂಜಿನ್ನು, ಮುಂಬೈ ಟ್ಯಾಕ್ಸಿಯವ್ರು 2023ರ ವರೆಗೂ ಓಡ್ಸಿದ್ರು, ಅದಕ್ಕೇ ಇವತ್ತಿಗೂ ಇದರ ಸಾಮಾನು ಸಿಗತ್ತೆ, ಇದನ್ನ ಬಿಚ್ಚಿ ಜೋಡ್ಸೋಕೆ ಬರೋ ವಯಸ್ಸಾದ ಮೆಕ್ಯಾನಿಕ್ಕುಗಳೂ ಇದ್ದಾರೆ. ಅಮೆರಿಕದ ಇಂಪಾಲಾ, ಹಳೇ ಬೆಂಜ್ ಅಂತ ಹೋದ್ರೆ ಗ್ಲಾಸ್ ಸುತ್ತ ಕೂರೋ ಒಂದು ರಬ್ಬರ್ ಬೀಡಿಂಗಿಗೂ ಫಾರಿನ್ನಿಂದ ತರ್ಸ್ಬೇಕು, ಕಸ್ಟಮ್ಸ್ ಬೇರೆ ಕಟ್ಬೇಕು, ಅದು ನಮ್ಮಂಥೋರ ಕೆಲ್ಸ ಅಲ್ಲ.

ಕೊಳ್ಳೋಕೆ ಹೋದಾಗ ಓನರ್ರು ಮೊದ್ಲು ಬಾನೆಟ್ ಎತ್ತಿ ಇಂಜಿನ್ ಸ್ಟಾರ್ಟ್ ಮಾಡಿ ತೋರಿಸ್ತಾರೆ, ನೀವು ಅದನ್ನ ಕೇಳಿಸ್ಕೊಂಡು ತಲೆ ಅಲ್ಲಾಡ್ಸಿ ಸೀದಾ ಕಾರಿನ ಕೆಳಗೆ ಹೋಗಿ. ಇಂಜಿನ್ ಎಷ್ಟೇ ಹಾಳಾಗಿರ್ಲಿ ಅದರ ಖರ್ಚು ಇಷ್ಟು ಅಂತ ಲೆಕ್ಕ ಹಾಕ್ಬಹುದು, ತುಕ್ಕಿಗೆ ಲೆಕ್ಕಾನೇ ಇಲ್ಲ. ಜೀಪಿನ ಥರ ಇದಕ್ಕೆ ಕೆಳಗೆ ಬೇರೆ ಚಾಸಿ ಇಲ್ಲ, ಬಾಡಿನೇ ಚಾಸಿ, ಹಾಗಾಗಿ ಫ್ಲೋರು, ಬಾಗ್ಲ ಕೆಳಗಿನ ಪಟ್ಟಿ, ಜಾಕಿ ಕೊಡೋ ಜಾಗ, ಮುಂದಿನ ಸಸ್ಪೆನ್ಷನ್ ಕೂತಿರೋ ಜಾಗ ಇಷ್ಟು ಗಟ್ಟಿ ಇದ್ರೆ ಮಾತ್ರ ರೇಟಿನ ಮಾತಿಗೆ ಕೂತ್ಕೊಳ್ಳಿ. ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಮ್ಯಾಗ್ನೆಟ್ ತಗೊಂಡು ಹೋಗಿ. ಸ್ಕ್ರೂಡ್ರೈವರ್‌ನಲ್ಲಿ ಫ್ಲೋರ್ ಚುಚ್ಚಿ ನೋಡಿ, ಮ್ಯಾಗ್ನೆಟ್ ಮಡ್‌ಗಾರ್ಡ್ ಮೇಲೆ ಇಡಿ, ಅಂಟ್ಲಿಲ್ಲ ಅಂದ್ರೆ ಅಲ್ಲಿರೋದು ಬರೀ ಪುಟ್ಟಿ, ಅಂದ್ರೆ ತೂತು ಗುಳಿ ಮುಚ್ಚೋಕೆ ಮೆತ್ತೋ ಪೇಸ್ಟು. ಡಿಕ್ಕಿ ಮ್ಯಾಟ್ ಎತ್ತಿ ಸ್ಟೆಪ್ನಿ ಜಾಗ ನೋಡಿ, ಬ್ಯಾಟರಿ ಟ್ರೇ ನೋಡಿ, ಮುಂದಿನ ಗ್ಲಾಸ್ ಬೀಡಿಂಗ್ ಕೆಳಗೂ ಬೆರಳಾಡ್ಸಿ. ಮಂಗ್ಳೂರು ಕಾರವಾರ ಕಡೆ ಗಾಡಿ ಉಪ್ಪು ಗಾಳಿಗೆ ಒಳಗಿಂದ್ಲೇ ತಿಂದ್ಹೋಗಿರತ್ತೆ, ಬಳ್ಳಾರಿ ಕಲಬುರ್ಗಿ ಕಡೆ ಒಣ ಬಿಸಿಲಲ್ಲಿ ನಿಂತಿದ್ದ ಗಾಡಿ ಪೇಂಟ್ ಎಲ್ಲಾ ಹೋಗಿ ನೋಡೋಕೆ ಕೆಟ್ಟದಾಗಿದ್ರೂ ತಗಡು ಚೆನ್ನಾಗಿರತ್ತೆ, ನಾನಾದ್ರೆ ಎರಡನೇದನ್ನೇ ತಗೊಳ್ಳೋದು.

ಇನ್ನು ಆರ್‌ಸಿ. ಒರಿಜಿನಲ್ ಆರ್‌ಸಿ ಇಲ್ಲ, ಇಲ್ಲಾ ಚಾಸಿ ನಂಬರ್ ತಾಳೆ ಆಗ್ತಿಲ್ಲ ಅಂದ್ರೆ ಗಾಡಿ ಫ್ರೀ ಕೊಟ್ರೂ ಬೇಡ, ಸ್ಪೇರ್ಸಿಗೆ ಅಂತ ಬೇಕಾದ್ರೆ ತಗೊಳ್ಳಿ ಅಷ್ಟೆ. 15 ವರ್ಷ ಆದ್ಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್ ಮಾಡ್ಸ್ತಾ ಹೋಗ್ಬೇಕು, ಈ ಫೀಸು ಮೊದ್ಲು 600 ಇತ್ತು, 2022ರ ಏಪ್ರಿಲ್‌ನಲ್ಲಿ 5,000 ಆಯ್ತು, 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದ್ರು, ಅದನ್ನೂ ಬಜೆಟ್ಟಲ್ಲಿ ಬರ್ಕೊಳ್ಳಿ. 50 ವರ್ಷ ಮೀರಿದ್ದಕ್ಕೆ 2021ರಿಂದ ವಿಂಟೇಜ್ ಅಂತ ಬೇರೆ ರಿಜಿಸ್ಟ್ರೇಷನ್ ಇದೆ, ನಂಬರಲ್ಲಿ ವಿಎ ಅಂತ ಬರತ್ತೆ, ಫೀಸು 20,000, ಹತ್ತು ವರ್ಷ ನಡಿಯತ್ತೆ. ಆದ್ರೆ ಅದ್ರಲ್ಲಿ ಗಾಡಿನ ರ್‍ಯಾಲಿ, ಎಕ್ಸಿಬಿಷನ್ನು, ರಿಪೇರಿ, ಪೆಟ್ರೋಲ್ ಹಾಕ್ಸೋಕೆ ಅಂಥದಕ್ಕೆ ಮಾತ್ರ ರೋಡಿಗೆ ತರ್ಬೇಕು, ದಿನಾ ಓಡ್ಸಂಗಿಲ್ಲ. ಭಾನುವಾರ ಮನೆಯವ್ರನ್ನ ಕೂರಿಸ್ಕೊಂಡು ನಂದಿ ಬೆಟ್ಟಕ್ಕೆ ಹೋಗೋ ಆಸೆ ಇದ್ರೆ ಮಾಮೂಲಿ ಆರ್‌ಸಿನೇ ರಿನ್ಯೂ ಮಾಡ್ಸ್ಕೊಂಡು ಹೋಗಿ.

ಗಾಡಿ ಮನೆಗೆ ಬಂದ್ಮೇಲೆ ಎಲ್ರೂ ಮಾಡೋದೇನಂದ್ರೆ ಮೊದ್ಲು ಪೇಂಟಿಂಗ್‌ಗೆ ಬಿಡ್ತಾರೆ, ಫೋಟೋ ಹಾಕ್ತಾರೆ, ಆಮೇಲೆ ಇಂಜಿನ್ ಇಳ್ಸುವಾಗ ಹೊಸ ಪೇಂಟ್ ಮೇಲೇ ಗೀರು ಬೀಳತ್ತೆ, ವೆಲ್ಡಿಂಗ್ ಮಾಡಿದ ಕಡೆ ಸುಟ್ಟೋಗತ್ತೆ, ದುಡ್ಡು ಎರಡೆರಡು ಸಲ ಹೋಗತ್ತೆ. ಬ್ರೇಕು, ಪೆಟ್ರೋಲ್ ಲೈನು, ವೈರಿಂಗು, ಇಂಜಿನ್ನು, ಟಿಂಕರಿಂಗು (ತಗಡಿನ ಕೆಲ್ಸ), ಕೊನೇಗೆ ಪೇಂಟು, ಈ ವರಸೆ ತಪ್ಪಿಸ್ಬೇಡಿ. ಬಿಚ್ಚೋ ಪ್ರತಿ ಸಾಮಾನಿನ ಫೋಟೋ ಮೊಬೈಲಲ್ಲಿ ತೆಗೀರಿ, ಬೋಲ್ಟು ನಟ್ಟು ಎಲ್ಲಾ ಹಳೇ ಐಸ್‌ಕ್ರೀಂ ಡಬ್ಬಗಳಿಗೆ ಹಾಕಿ ಮೇಲೆ ಹೆಸ್ರು ಬರೀರಿ. ಟೂಲ್ಸಿಗೆ ಜಾಸ್ತಿ ಸುರೀಬೇಡಿ, ಒಂದು ಸೆಟ್ ರಿಂಗ್ ಸ್ಪ್ಯಾನರು, ಬಾಕ್ಸ್ ಸೆಟ್ಟು, ಸಣ್ಣ ಗ್ಯಾಪ್ ಅಳೆಯೋ ಫೀಲರ್ ಗೇಜು, ಗ್ರೀಸ್ ಗನ್ನು, ಮಲ್ಟಿಮೀಟರ್ ಸಾಕು, ಆದ್ರೆ ಜಾಕಿ ಸ್ಟ್ಯಾಂಡು ಮಾತ್ರ ಒಳ್ಳೇದೇ ತಗೊಳ್ಳಿ, ಬರೀ ಜಾಕಿ ಮೇಲೋ ಇಟ್ಟಿಗೆ ಮೇಲೋ ನಿಂತಿರೋ ಕಾರಿನ ಕೆಳಗೆ ದಯವಿಟ್ಟು ನುಗ್ಗಬೇಡಿ.

ಬ್ರೇಕಲ್ಲಿ ಒಂದು ರೂಪಾಯಿನೂ ಉಳಿಸ್ಬಾರ್ದು. ನಾಲ್ಕೂ ವೀಲಿಗೆ ಡ್ರಮ್ಮು, ಹಳೇ ಗಾಡೀಲಿ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋದು) ಒಂದೇ ಲೈನು, ಎಲ್ಲಾದ್ರೂ ಒಂದು ಕಡೆ ಲೀಕ್ ಆದ್ರೂ ಪೆಡಲ್ ಸೀದಾ ಕೆಳಗೆ ಹೋಗತ್ತೆ. ಹಾಗಾಗಿ ವೀಲ್ ಸಿಲಿಂಡರಿನ ರಬ್ಬರು, ಮಾಸ್ಟರ್ ಸಿಲಿಂಡರ್ ಕಿಟ್ಟು, ಫ್ಲೆಕ್ಸಿಬಲ್ ಹೋಸು ಎಲ್ಲಾ ಒಟ್ಟಿಗೇ ಹೊಸದು ಹಾಕಿ, ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಬಿದ್ದಿದ್ರೆ ಬರೀ ರಬ್ಬರ್ ಬದಲಾಯ್ಸಿದ್ರೆ ನಿಲ್ಲಲ್ಲ, ಸಿಲಿಂಡರ್ರೇ ಬೇಕು. ಬ್ರೇಕ್ ಲೈನಲ್ಲಿ ಸಿಕ್ಕಿರೋ ಏರ್ ತೆಗೆಯೋವಾಗ ಮಾಸ್ಟರಿಂದ ದೂರ ಇರೋ ಹಿಂದಿನ ಎಡ ವೀಲಿಂದ ಶುರು ಮಾಡಿ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೇಗೆ ಡ್ರೈವರ್ ಕಡೇದು. ಡ್ರಮ್ ಒಳಗಿನ ಹಳೇ ಧೂಳಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಏರ್ ಹೊಡ್ದು ಹಾರಿಸ್ಬೇಡಿ, ಮಾಸ್ಕ್ ಹಾಕ್ಕೊಂಡು ಒದ್ದೆ ಬಟ್ಟೇಲಿ ಒರೆಸಿ. ಚಕ್ರ ಬಿಚ್ಚಿದಾಗ್ಲೇ ಕಿಂಗ್‌ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಗೂಟ) ಆಟ ನೋಡಿ, ಅಲ್ಲಾಡ್ತಿದ್ರೆ ಬುಷ್ ಹಾಕ್ಸಿ, ಇಲ್ದಿದ್ರೆ ಗ್ರೀಸ್ ಹೊಡೀರಿ.

ವರ್ಷಗಟ್ಲೆ ನಿಂತ ಗಾಡಿನ ಸೆಲ್ಫ್ ಹೊಡ್ದು ನೋಡೋಣ ಅಂತ ಮಾತ್ರ ಹೋಗ್ಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ತೂತಿಗೂ ಎರಡು ಚಮಚ ಇಂಜಿನ್ ಆಯಿಲ್ ಸ್ವಲ್ಪ ಡೀಸೆಲ್ ಬೆರೆಸಿ ಬಿಡಿ, ಒಂದೆರಡು ದಿನ ಹಾಗೇ ಇರ್ಲಿ, ಆಮೇಲೆ ಟಾಪ್ ಗೇರಿಗೆ ಹಾಕಿ ಗಾಡಿನ ಹಿಂದೆ ಮುಂದೆ ತಳ್ಳಿ, ಇಂಜಿನ್ ತಿರುಗಿದ್ರೆ ಅರ್ಧ ಗೆದ್ದಂಗೆ. ಹಳೇ ಆಯಿಲ್ ಬಸಿದು ಹೊಸದು ಹಾಕಿ, 20ಡಬ್ಲ್ಯೂ40 ಅಥವಾ 20ಡಬ್ಲ್ಯೂ50 ಸಾಕು, ದುಬಾರಿ ಸಿಂಥೆಟಿಕ್ ಹಾಕಿದ್ರೆ ಹಳೇ ಸೀಲ್‌ಗಳಲ್ಲಿ ಸೋರೋದೇ ಜಾಸ್ತಿ. ಇನ್ನು ಸ್ಪಾರ್ಕ್ ಬರ್ತಿಲ್ಲ ಅಂದ್ರೆ ನೂರಕ್ಕೆ ತೊಂಬತ್ತು ಸಲ ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಮಸಿ ಹಿಡಿದಿರತ್ತೆ ಅಥವಾ ಕಂಡೆನ್ಸರ್ ಹೋಗಿರತ್ತೆ, ಸಣ್ಣ ದುಡ್ಡಿನ ಕೆಲ್ಸ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಬೀಳೋ ಸರದಿ) 1-3-4-2, ಪ್ಲಗ್ ಗ್ಯಾಪ್ 0.6 ಎಂಎಂ. ಕಂಪ್ರೆಷನ್ ಚೆನ್ನಾಗಿ ಬರ್ತಿದ್ರೆ, ಹೊಗೆ ಇಲ್ದಿದ್ರೆ, ಇಂಜಿನ್ ಬಿಚ್ಚಲೇಬೇಡಿ, ಯಾರು ಏನೇ ಹೇಳ್ಲಿ. ಒಂದು ಜಾಗ್ರತೆ ಏನಂದ್ರೆ ಇಂಜಿನ್ ಮೇಲ್ಭಾಗದ ಹೆಡ್ಡು ಅಲ್ಯೂಮಿನಿಯಂದು, ಓವರ್‌ಹೀಟ್ ಆದ್ರೆ ಬಾಗತ್ತೆ, ಆದ್ರಿಂದ ರೇಡಿಯೇಟರ್ ಬಿಚ್ಚಿ ರೇಡಿಯೇಟರ್ ಅಂಗಡಿಯಲ್ಲಿ ಕ್ಲೀನ್ ಮಾಡ್ಸಿ, ಹೋಸ್ ಎಲ್ಲಾ ಹೊಸದು ಹಾಕಿ.

ಪೆಟ್ರೋಲ್ ಟ್ಯಾಂಕ್ ಇಳ್ಸಿದ್ರೆ ಒಳಗೆ ಗೋಂದಿನಂಥ ಕೊಳೆ, ತುಕ್ಕು ಇರತ್ತೆ. ಹಳೇ ಪೆಟ್ರೋಲ್ ಪೂರ್ತಿ ಬಸಿದು ಸೋಪಿನ ನೀರಲ್ಲಿ ತೊಳೆದು, ಕಿರಾಣಿ ಅಂಗಡೀಲಿ ಸಿಗೋ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಲೀಟರ್ ಬಿಸಿ ನೀರಿಗೆ 50ರಿಂದ 100 ಗ್ರಾಂ ಕರಗ್ಸಿ ತುಂಬ್ಸಿ ಒಂದು ರಾತ್ರಿ ಬಿಡಿ, ಮಾರನೇ ದಿನ ಚೆಲ್ಲಿ ಅಡುಗೆ ಸೋಡಾ ನೀರಲ್ಲಿ ತೊಳೆದು ಬೇಗ ಒಣಗ್ಸಿ ಒಳಗೆಲ್ಲಾ ತೆಳ್ಳಗೆ ಆಯಿಲ್ ಸವರಿ. ಸಣ್ಣ ಕಬ್ಬಿಣದ ಸಾಮಾನು, ಬ್ರಾಕೆಟ್ಟು, ಬೋಲ್ಟು ಎಲ್ಲಾ ಇದೇ ನೀರಲ್ಲಿ ನೆನೆಸಬಹುದು, ಅಲ್ಯೂಮಿನಿಯಂ ಮಾತ್ರ ಹಾಕ್ಬೇಡಿ. ಟ್ಯಾಂಕಿಗೆ ತೂತು ಬಿದ್ದಿದ್ರೆ ಖಾಲಿ ಇದೆಯಲ್ಲ ಅಂತ ಮನೇಲಿ ವೆಲ್ಡಿಂಗ್ ಮಾಡೋಕೆ ಹೋಗ್ಬೇಡಿ, ಖಾಲಿ ಟ್ಯಾಂಕಲ್ಲಿ ಉಳಿದ ಆವಿನೇ ಸಿಡಿಯೋದು. ಈಗ ಬಂಕಲ್ಲಿ ಸಿಗೋ ಇ20, ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲು ಹಳೇ ರಬ್ಬರನ್ನ ತಿನ್ನತ್ತೆ, ಅದಕ್ಕೆ ಪೈಪು, ಪಂಪಿನ ಡಯಾಫ್ರಮ್ಮು ಎಥನಾಲ್ ತಡಿಯೋಂಥದೇ ಕೇಳಿ ಹಾಕ್ಸಿ.

ಸಾಮಾನಿಗೆ ಬೆಂಗ್ಳೂರಲ್ಲಿ ಜೆ.ಸಿ. ರೋಡು, ಸೆಕೆಂಡ್ ಹ್ಯಾಂಡಿಗೆ ಶಿವಾಜಿನಗರದ ಗುಜರಿ, ಅಲ್ಲೂ ಸಿಗ್ಲಿಲ್ಲ ಅಂದ್ರೆ ಚೆನ್ನೈ ಪುದುಪೇಟೆ, ಮುಂಬೈ. ಹಳೇ ಸಾಮಾನು ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ, ಬಾಯಲ್ಲಿ ವರ್ಣನೆ ಮಾಡಿದ್ರೆ ಬೇರೇದೇ ಕೊಟ್ಟು ಕಳಿಸ್ತಾರೆ. ನನ್ ಕೇಳಿದ್ರೆ ಬ್ರೇಕು ರಬ್ಬರು ಹೊಸದು, ಬಾಗ್ಲು ಹ್ಯಾಂಡಲ್ಲು ಲೈಟ್ ರಿಂಗು ಗಾಜು ಎಲ್ಲಾ ಗುಜರಿದೇ ಒಳ್ಳೇದು, ಹಳೇ ಕ್ರೋಮಿನ ದಪ್ಪ ಈಗಿನ ನಕಲಿ ಮಾಲಲ್ಲಿ ಇರಲ್ಲ.

ಒಟ್ಟು ಖರ್ಚಲ್ಲಿ ಅರ್ಧದಷ್ಟು ಟಿಂಕರಿಂಗು ಪೇಂಟಿಗೇ ಹೋಗತ್ತೆ, ಕೈ ಕೆಲ್ಸ ಮಾಡಿ ಉಳಿಸೋಕೆ ಆಗೋದೂ ಇಲ್ಲೇ. ಬಂಪರ್, ಲೈಟು, ಬೀಡಿಂಗು, ಸೀಟು ಎಲ್ಲಾ ನೀವೇ ಬಿಚ್ಚಿ, ಹಳೇ ಪೇಂಟ್ 80 ನಂಬರ್ ಉಪ್ಪು ಕಾಗದದ (ಸ್ಯಾಂಡ್‌ಪೇಪರ್) ಶೀಟಲ್ಲಿ ಉಜ್ಜಿ ತೆಗೀರಿ, ಮನೆ ಮಕ್ಕಳನ್ನೂ ಎಳ್ಕೊಳ್ಳಿ. ತೂತಿರೋ ಕಡೆ ಹೊಸ ತಗಡು ಕತ್ತರಿಸಿ ವೆಲ್ಡ್ ಮಾಡ್ಸಿ, ಪುಟ್ಟಿ ತುಂಬ್ಸಿ ಮುಚ್ಚೋಕೆ ಬಿಡ್ಬೇಡಿ, ಎದುರಿಗೆ ನಿಂತ್ಕೊಂಡೇ ಮಾಡ್ಸಿ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಿರ್ಬೇಕು, ಟ್ಯಾಂಕ್ ಹೊರಗಿರ್ಬೇಕು. ಬರೀ ತಗಡು ಕಂಡ ದಿನಾನೇ ಎಪಾಕ್ಸಿ ಪ್ರೈಮರ್ ಹೊಡೀರಿ, ಮಳೆಗಾಲದಲ್ಲಿ ಒಂದು ರಾತ್ರಿಗೆ ಕೆಂಪಗಾಗತ್ತೆ, ಅದಕ್ಕೇ ಈ ಕೆಲ್ಸ ಡಿಸೆಂಬರಿಂದ ಮೇ ಒಳಗೆ ಇಟ್ಕೊಳ್ಳಿ. ಫೈನಲ್ ಪಿಯು (ಪಾಲಿಯುರೆಥೇನ್) ಪೇಂಟ್ ಮಾತ್ರ ಮನೇಲಿ ಬೇಡ, ಅದರ ಹಾರ್ಡನರ್ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಬಟ್ಟೆ ಮಾಸ್ಕ್ ಏನೂ ತಡಿಯಲ್ಲ, ಉಜ್ಜಿ ರೆಡಿ ಮಾಡಿದ ಬಾಡಿ ಕೊಟ್ಟು ಬರೀ ಪೇಂಟಿಗೆ ರೇಟ್ ಮಾತಾಡಿ. ಆರ್‌ಸಿಲಿರೋ ಕಲರ್ರೇ ಹೊಡ್ಸಿ, ಬೇರೆ ಕಲರ್ ಅಂದ್ರೆ ಆರ್‌ಟಿಓದಲ್ಲಿ ಪರ್ಮಿಷನ್ ತಗೊಂಡು ಬದಲಾಯ್ಸ್ಕೊಬೇಕು.

ರೋಡಿಗೆ ಇಳ್ಸೋ ಮುಂಚೆ ಇನ್ಶೂರೆನ್ಸ್ ಮಾಡ್ಸಿ. ಮೊದಮೊದ್ಲು ಮನೆ ಸುತ್ತಾನೇ ಓಡ್ಸಿ, ಪ್ರತಿ ಸಲ ವಾಪಸ್ ಬಂದ್ಮೇಲೆ ಡ್ರಮ್ ಹತ್ರ ಕೈ ಹಿಡೀರಿ, ಒಂದು ಮಾತ್ರ ಸುಡ್ತಿದ್ರೆ ಆ ಬ್ರೇಕ್ ಹಿಡ್ಕೊಂಡಿದೆ ಅಂತ. ಹೆಡ್ ಬಿಚ್ಚಿ ಹಾಕಿದ್ರೆ ಕೆಲವು ನೂರು ಕಿಲೋಮೀಟರ್ ಆದ್ಮೇಲೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಟಾರ್ಕ್ ವ್ರೆಂಚಲ್ಲಿ (ಇಷ್ಟೇ ಬಿಗಿ ಅಂತ ಅಳೆದು ತಿರುಗ್ಸೋ ಸ್ಪ್ಯಾನರು) ಹೆಡ್ ಬೋಲ್ಟ್ ಇನ್ನೊಂದು ಸಲ ಟೈಟ್ ಮಾಡಿ ಟ್ಯಾಪೆಟ್ (ವಾಲ್ವಿನ ಗ್ಯಾಪ್) ಸೆಟ್ ಮಾಡ್ಸಿ. ಸೀಟಿನ ರೆಕ್ಸಿನ್ನು, ರೂಫಿನ ಬಟ್ಟೆ ಎಲ್ಲಾ ದುಡ್ಡು ಬಂದಾಗ ನಿಧಾನಕ್ಕೆ ಹಾಕ್ಸಿದ್ರಾಯ್ತು, ಅದಿಲ್ದೆನೂ ಗಾಡಿ ಓಡತ್ತೆ.