ಕ್ರಿಕೆಟ್ ಅಭ್ಯಾಸದ ಮ್ಯಾಟ್ ಮತ್ತು ನೆಟ್: ಕಾಪಾಡಿಕೊಳ್ಳುವ ಬಗೆ

ಕಾಂಕ್ರೀಟಿನ ಮೇಲೆ ಕೃತಕ ಹುಲ್ಲಿನ ಹಸಿರು ಮ್ಯಾಟ್ ಹಾಸಿ, ಸುತ್ತ ಕಂಬ ನೆಟ್ಟು ನೆಟ್ ಕಟ್ಟಿದ ಅಭ್ಯಾಸದ ಜಾಗ ಈಗ ನಮ್ಮ ತಾಲ್ಲೂಕು ಊರುಗಳ ಶಾಲೆಗಳಲ್ಲೂ ಕಾಣಸಿಗುತ್ತದೆ. ಮಣ್ಣಿನ ಪಿಚ್‌ಗೆ ಬೇಕಾಗುವಂತೆ ನೀರು ಹಾಯಿಸಿ ರೋಲರ್ ಎಳೆಯುವ ಕೆಲಸ ಇಲ್ಲಿ ಇಲ್ಲವಾದ್ದರಿಂದ, ಒಮ್ಮೆ ಹಾಕಿಸಿದರೆ ಮತ್ತೆ ತಿರುಗಿ ನೋಡಬೇಕಾಗಿಲ್ಲ ಎಂದು ಹಲವರು ನಂಬಿದ್ದಾರೆ. ಮಲೆನಾಡಿನ ಒಂದು ಶಾಲೆಯ ನೆಟ್ ಅನ್ನು ಹಲವು ವರ್ಷ ನೋಡಿಕೊಂಡ ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಮಣ್ಣಿನ ಪಿಚ್ ಹದಗೆಟ್ಟರೆ ಕಣ್ಣಿಗೆ ಕಾಣುತ್ತದೆ. ಮ್ಯಾಟ್ ಹದಗೆಟ್ಟದ್ದು ಹುಡುಗನೊಬ್ಬನ ಕಾಲು ಸಿಕ್ಕಿಕೊಂಡಾಗಲೇ ತಿಳಿಯುತ್ತದೆ.

ಮೊದಲು ನೋಡಬೇಕಾದದ್ದು ಮ್ಯಾಟ್ ಅನ್ನಲ್ಲ, ಅದರ ಕೆಳಗಿನ ಕಾಂಕ್ರೀಟನ್ನು. ಮೇ ತಿಂಗಳಲ್ಲಿ, ಮುಂಗಾರಿಗೆ ಮುನ್ನ, ಪಿಚ್‌ನ ಉದ್ದಕ್ಕೂ ನಾಲ್ಕೈದು ಬಕೆಟ್ ನೀರು ಸುರಿದು ಅರ್ಧ ಗಂಟೆ ಬಿಟ್ಟು ಬನ್ನಿ. ನೀರು ಪಕ್ಕಕ್ಕೆ ಹರಿದು ಹೋಗಿದ್ದರೆ ಸರಿ. ಎಲ್ಲಾದರೂ ಮ್ಯಾಟ್ ಒತ್ತಿದಾಗ ಬೆರಳ ಸುತ್ತ ನೀರು ಚಿಮ್ಮಿದರೆ ಅಲ್ಲಿ ಕಾಂಕ್ರೀಟು ತಗ್ಗಾಗಿದೆ ಎಂದರ್ಥ. ಮಳೆಗಾಲದುದ್ದಕ್ಕೂ ನೀರು ಅಲ್ಲೇ ನಿಂತು ಅಂಟು ಬಿಡುತ್ತದೆ, ಮ್ಯಾಟ್ ಉಬ್ಬುತ್ತದೆ, ಚೆಂಡು ಒಮ್ಮೆ ಮೊಣಕಾಲಿಗೆ, ಒಮ್ಮೆ ಎದೆಗೆ ಏಳುತ್ತದೆ. ಆ ಭಾಗದ ಮ್ಯಾಟ್ ಎತ್ತಿ, ಮೇಸ್ತ್ರಿಯನ್ನು ಕರೆಸಿ, ಮಟ್ಟಗೋಲು ಇಟ್ಟು ತಗ್ಗನ್ನು ತುಂಬಿಸಿ, ಗಾರೆ ಪೂರ್ತಿ ಒಣಗಿದ ಮೇಲೆಯೇ ಮರಳಿ ಅಂಟಿಸಬೇಕು.

ದಿನನಿತ್ಯದ ಕೆಲಸ ಹೆಚ್ಚಿಲ್ಲ. ಒರಟು ನೈಲಾನ್ ಕಡ್ಡಿಯ ಪೊರಕೆಯಿಂದ ಎಳೆಗಳು ಮಲಗಿದ ದಿಕ್ಕಿಗೆ ಎದುರಾಗಿ ಗುಡಿಸಿದರೆ ಎಲೆ, ಮಣ್ಣು ಮೇಲೆದ್ದು ಬರುತ್ತವೆ. ತಂತಿ ಬ್ರಷ್ ಮುಟ್ಟಿಸಬಾರದು. ಮರದ ನೆರಳಿರುವ ಕಡೆ ಆಗಸ್ಟ್ ಹೊತ್ತಿಗೆ ಪಾಚಿ ಕಟ್ಟುತ್ತದೆ. ಅದು ಕೆರೆಯ ಮೆಟ್ಟಿಲಿನಷ್ಟೇ ಜಾರುತ್ತದೆ. ಮೊದಲು ಸೌಮ್ಯವಾದ ಸೋಪಿನ ನೀರಿನಿಂದ ಉಜ್ಜಿ ನೋಡಿ. ಹೋಗದಿದ್ದರೆ ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕದಡಿ, ತಿಳಿಯಾದ ಮೇಲಿನ ನೀರನ್ನು ಮಾತ್ರ ಮೂಲೆಯಲ್ಲೊಂದು ಕಡೆ ಹಚ್ಚಿ, ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿದ ಮೇಲೆ ಉಳಿದ ಭಾಗಕ್ಕೆ ಬಳಸಿ, ಹತ್ತು ನಿಮಿಷದಲ್ಲಿ ಧಾರಾಳ ನೀರು ಹಾಕಿ ತೊಳೆಯಿರಿ. ಶೌಚಾಲಯ ತೊಳೆಯುವ ಆಸಿಡ್ ಜೊತೆ ಇದನ್ನು ಎಂದಿಗೂ ಬೆರೆಸಬಾರದು. ಹೊರಬರುವ ಕ್ಲೋರಿನ್ ಅನಿಲ ವಿಷಕಾರಿ. ಕ್ರೀಸಿನ ಗೆರೆಗೆ ಮನೆಯ ಕಿಟಕಿಗೆ ಬಳಿಯುವ ಆಯಿಲ್ ಪೇಂಟ್ ಹಚ್ಚುವುದೂ ತಪ್ಪು. ಎಳೆಗಳು ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಂಡು, ಇಬ್ಬನಿ ಬಿದ್ದ ಬೆಳಿಗ್ಗೆ ಗೆರೆಯೇ ಜಾರುಬಂಡೆಯಾಗುತ್ತದೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಹಚ್ಚಿದರೆ ಸಾಕು.

ಸವೆತ ಎಲ್ಲ ಕಡೆ ಒಂದೇ ಸಮನೆ ಆಗುವುದಿಲ್ಲ. ಪಿಚ್ 22 ಗಜ ಉದ್ದವಿದ್ದರೂ ಹಾಳಾಗುವುದು ಎರಡು ಮೂರು ಕಡೆ: ಸ್ಟಂಪುಗಳ ಸಾಲಿನ ಗೆರೆಯಾದ ಬೌಲಿಂಗ್ ಕ್ರೀಸಿನಿಂದ 4 ಅಡಿ ಮುಂದಿರುವ ಪಾಪಿಂಗ್ ಕ್ರೀಸಿನಲ್ಲಿ ಬೌಲರನ ಮುಂಗಾಲು ಊರುವ ಜಾಗ, ಬ್ಯಾಟರ್ ಗಾರ್ಡ್ (ನಿಲ್ಲುವ ಜಾಗದ ಗುರುತು) ತೆಗೆದುಕೊಂಡು ಬ್ಯಾಟ್ ಕುಟ್ಟುವ ಜಾಗ, ಆಮೇಲೆ ಚೆಂಡು ಪುಟಿಯುವ ಗುಡ್ ಲೆಂಗ್ತ್. ವಾರಕ್ಕೊಮ್ಮೆ ಇಲ್ಲಿ ಅಂಗೈ ಆಡಿಸಿ ನೋಡಿ. ಎಳೆಗಳ ನಡುವೆ ಹಿಂಬದಿಯ ನೇಯ್ಗೆ ಕೈಗೆ ಸಿಕ್ಕಿತೆಂದರೆ ತೇಪೆ ಹಾಕುವ ಸಮಯ ಬಂದಿದೆ. ಹರಿಯುವವರೆಗೆ ಕಾದರೆ ತೇಪೆ ಮೂರು ಪಟ್ಟು ದೊಡ್ಡದಾಗುತ್ತದೆ. ಲೋಹದ ಸ್ಪೈಕ್ ಇರುವ ಶೂಗಳನ್ನು ಬಾಗಿಲಲ್ಲೇ ತಡೆದರೆ ಈ ಕೆಲಸ ಎಷ್ಟೋ ತಡವಾಗಿ ಬರುತ್ತದೆ.

ತೇಪೆ ಯಾವಾಗಲೂ ಆಯತಾಕಾರದಲ್ಲಿರಲಿ. ಹೊಸ ತುಂಡನ್ನು ಸವೆದ ಜಾಗದ ಮೇಲೆ ಎಳೆಗಳ ದಿಕ್ಕು ಹೊಂದುವಂತೆ ಇಟ್ಟು, ಕಬ್ಬಿಣದ ಪಟ್ಟಿ ಆನಿಸಿ, ಹರಿತವಾದ ಚಾಕುವಿನಿಂದ ಎರಡೂ ಪದರಗಳನ್ನು ಒಂದೇ ಏಟಿಗೆ ಕತ್ತರಿಸಿದರೆ ಅಂಚುಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡುತ್ತವೆ. ಹಳೆಯ ಅಂಟನ್ನು ಕೆರೆದು, ಒಣಗಿದ ನೆಲಕ್ಕೆ ಪಾಲಿಯುರಿಥೇನ್ ಅಂಟು ಹಚ್ಚಿ, ಮೇಲೆ ಮರಳು ತುಂಬಿದ ಚೀಲಗಳನ್ನು ಹೇರಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಮಕ್ಕಳು ಆಡಲು ಕಾಯುತ್ತಿದ್ದಾರೆಂದು ಸಂಜೆಗೇ ಚೀಲ ತೆಗೆದ ತೇಪೆ ನಿಲ್ಲುವುದಿಲ್ಲ. ಅಂಟಿಸದೆ ಹಾಸಿದ ಮ್ಯಾಟ್ ಆದರೆ ವರ್ಷಕ್ಕೊಮ್ಮೆ ತುದಿ ಬದಲಿಸಿ ಹಾಸಿ; ಸವೆತ ಹಂಚಿಹೋಗುತ್ತದೆ. ಕಾಂಕ್ರೀಟಿನ ಅಂಚಿಗೆ ಸಮನಾಗಿ ಮಣ್ಣು ತುಂಬಿರುವುದೂ ಅಗತ್ಯ. ಮಳೆಗೆ ಮಣ್ಣು ಕೊಚ್ಚಿಹೋಗಿ ಎರಡು ಅಂಗುಲ ಮೆಟ್ಟಿಲಾದರೆ ಕಣಕಾಲು ಉಳುಕುವುದು ಅಲ್ಲೇ. ಗರಿಕೆ ಬೇರೂರುವುದೂ ಅಲ್ಲೇ. ಅದನ್ನು ಬುಡಸಮೇತ ಕೀಳಬೇಕು.

ತೆಂಗಿನ ನಾರಿನ ಮ್ಯಾಟ್ ಇನ್ನೂ ಬಳಸುವವರಿಗೆ ಒಂದು ಮಾತು. ಸಡಿಲವಾಗಿ ಹಾಸಿದರೆ ಚೆಂಡು ನಿಧಾನವಾಗಿ ಬರುತ್ತದೆ, ಬಿಗಿಯಾಗಿ ಎಳೆದು ಗೂಟ ಹೊಡೆದರೆ ವೇಗವಾಗಿ ಏಳುತ್ತದೆ. ಆದ್ದರಿಂದ ಪ್ರತಿದಿನ ಒಂದೇ ಬಿಗಿಯಲ್ಲಿ ಕಟ್ಟಿ. ಒದ್ದೆಯಾದದ್ದನ್ನು ಸುತ್ತಿಟ್ಟರೆ ಕೊಳೆಯುತ್ತದೆ.

ಇನ್ನು ನೆಟ್. ಇದರ ಬಗ್ಗೆ ನಾನು ಹೆಚ್ಚು ಹೇಳಲು ಕಾರಣವಿದೆ. ಒಂದು ವರ್ಷ ನಮ್ಮ ನೆಟ್‌ನಲ್ಲಿ ಬಿಟ್ಟ ಅಂಗೈಯಗಲದ ತೂತನ್ನು ನಾನು ಬೈಂಡಿಂಗ್ ತಂತಿಯಿಂದ ಹೆಣೆದು ಮುಚ್ಚಿದ್ದೆ. ತಂತಿ ಪ್ರತಿ ಏಟಿಗೂ ಅಕ್ಕಪಕ್ಕದ ದಾರವನ್ನು ಗರಗಸದಂತೆ ಕೊಯ್ಯುತ್ತಿದ್ದುದು ನನಗೆ ತಿಳಿಯಲಿಲ್ಲ. ತಿಂಗಳೊಳಗೆ ಅಲ್ಲಿಂದಲೇ ತೂರಿದ ಚೆಂಡು ಹೊರಗೆ ಪ್ಯಾಡ್ ಕಟ್ಟಿಕೊಳ್ಳುತ್ತಿದ್ದ ಹುಡುಗನ ಹುಬ್ಬಿಗೆ ಬಡಿದು ಐದು ಹೊಲಿಗೆ ಬಿದ್ದವು. ಅಂದಿನಿಂದ ನೆಟ್‌ಗೆ ತಂತಿ ಹಾಕಿಲ್ಲ.

ಸರಿಯಾದ ವಿಧಾನ ಬಲೆಗಾರರದ್ದು. ಮಲ್ಪೆ, ಗಂಗೊಳ್ಳಿಯ ಬಂದರುಗಳಲ್ಲಿ ಮೀನುಗಾರರು ಬಲೆ ಹೆಣೆಯುವುದನ್ನು ಒಮ್ಮೆ ನೋಡಿದರೆ ಸಾಕು. ಹರಿದ ತುದಿಗಳನ್ನೆಲ್ಲ ಗಂಟಿನವರೆಗೂ ಕತ್ತರಿಸಿ ತೂತನ್ನು ಮೊದಲು ಚೊಕ್ಕ ಮಾಡಬೇಕು. ಬಳಿಕ ಅದೇ ದಪ್ಪದ ದಾರವನ್ನು ಮೇಲಿನ ಗಟ್ಟಿ ಗಂಟಿಗೆ ಕಟ್ಟಿ, ಬಲೆಯ ಕಣ್ಣಿನ (ದಾರಗಳ ನಡುವಿನ ಕಿಂಡಿಯ) ಅಳತೆಗೆ ಒಂದು ಬಿದಿರುಪಟ್ಟಿ ಹಿಡಿದು, ಒಂದೊಂದೇ ಕಣ್ಣನ್ನು ಹೆಣೆಯುತ್ತ ಕೆಳಗಿಳಿಯಬೇಕು. ಚೆಂಡಿನ ಸುತ್ತಳತೆ ಸುಮಾರು 22.5 ಸೆಂ.ಮೀ., ಅಂದರೆ ಅಡ್ಡಳತೆ 7 ಸೆಂ.ಮೀ.ಗಿಂತ ತುಸು ಹೆಚ್ಚು; ಕಣ್ಣು 5 ಸೆಂ.ಮೀ. ದಾಟದಿರಲಿ.

ಬಿಸಿಲಿಗೆ ದಾರ ಸೊರಗುವುದನ್ನು ಕಣ್ಣಿಂದಲ್ಲ, ಕೈಯಿಂದ ತಿಳಿಯಬೇಕು. ದಕ್ಷಿಣಕ್ಕೆ, ಪಶ್ಚಿಮಕ್ಕೆ ಮುಖ ಮಾಡಿದ ಬದಿಯ ಒಂದು ಎಳೆಯನ್ನು ಹೆಬ್ಬೆರಳಿಗೆ ಸುತ್ತಿ ಜಗ್ಗಿ; ಪುಡಿ ಉದುರಿದರೆ, ಸುಲಭವಾಗಿ ಕಿತ್ತು ಬಂದರೆ ಆ ಬದಿಯನ್ನೇ ಬದಲಿಸಿ, ತೇಪೆಗೆ ಕೈ ಹಾಕಬೇಡಿ. ನೆಟ್ ಬುಡ ನೆಲಕ್ಕೆ ತಾಗಿದ್ದರೆ ಇಲಿ, ಅಳಿಲು ಕಡಿಯುತ್ತವೆ, ಹುಲ್ಲು ಹೆಣೆದುಕೊಳ್ಳುತ್ತದೆ. ಕೆಳಗಿನ ಒಂದು ಅಡಿಗೆ ಟಾರ್ಪಾಲಿನ ಪಟ್ಟಿ ಹೊಲಿಸಿದರೆ ನೆಟ್ ಬಹುಕಾಲ ಬಾಳುತ್ತದೆ. ಮೇಲಿನ ಉಕ್ಕಿನ ಹಗ್ಗ ಮಾತ್ರ ಬಿಗಿಯಾಗಿರಲಿ, ನೆಟ್ ಅಲ್ಲ. ಪರದೆಯಂತೆ ಸಡಿಲವಾಗಿ ಇಳಿಬಿದ್ದ ನೆಟ್ ಏಟನ್ನು ನುಂಗಿಕೊಳ್ಳುತ್ತದೆ. ಬಿಗಿದ ನೆಟ್ ಚೆಂಡನ್ನು ಬ್ಯಾಟರನ ಮುಖಕ್ಕೇ ಹಿಂದಿರುಗಿಸುತ್ತದೆ. ಸಡಿಲ ನೆಟ್ ಏಟಿಗೆ ಹೊರಕ್ಕೆ ಉಬ್ಬುವುದರಿಂದ ಅದಕ್ಕೆ ಒರಗಿ ಯಾರೂ ನಿಲ್ಲಬಾರದು. ಹೊರಗಡೆ ಒಂದೂವರೆ ಮೀಟರ್ ದೂರದಲ್ಲಿ ಸುಣ್ಣದ ಗೆರೆ ಎಳೆದರೆ ಮಕ್ಕಳಿಗೆ ದಿನವೂ ಹೇಳುವ ಕೆಲಸ ತಪ್ಪುತ್ತದೆ. ಕಂಬಗಳು ನೆಟ್‌ನ ಒಳಗಿದ್ದರೆ ಅವಕ್ಕೆ ದಪ್ಪ ಫೋಮ್ ಸುತ್ತಿಸಿ, ತುಕ್ಕು ಹಿಡಿಯುವ ಬುಡವನ್ನು ಕೆರೆದು ರೆಡ್ ಆಕ್ಸೈಡ್ ಬಳಿಸಿ.

ಮಳೆಗಾಲದಲ್ಲಿ ಅಭ್ಯಾಸ ನಿಲ್ಲಿಸುವ ಊರುಗಳಲ್ಲಿ ನೆಟ್ ಬಿಚ್ಚಿ, ಒಣಗಿಸಿ, ಇಲಿಗೆ ಎಟುಕದಂತೆ ತೊಲೆಗೆ ನೇತುಹಾಕಬೇಕು. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದ ದಿನ, ಮಕ್ಕಳನ್ನು ಒಳಗೆ ಬಿಡುವ ಮೊದಲು, ಕೈಯಲ್ಲೊಂದು ಚೆಂಡು ಹಿಡಿದು ನೆಟ್‌ನ ನಾಲ್ಕೂ ಬದಿ ಸುತ್ತಿ, ಅನುಮಾನ ಬಂದ ಪ್ರತಿ ಕಣ್ಣಿಗೂ ಅದನ್ನು ಒತ್ತಿ ನೋಡಿ.